ನಿಮ್ಮ ಮನೆಯ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಹೇಗೆ

“ಸ್ವಂತ ಮನೆಯೋ, ಬಾಡಿಗೆಯೋ?” ಎಂದು ಯಾರಾದರೂ ಕೇಳಿದರೆ ನಾವೆಲ್ಲರೂ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುತ್ತೇವೆ. ಆ ಒಂದು ಮಾತಿನಿಂದ ಒಂದು ಸಂಸಾರದ ನಿಜವಾದ ಸ್ಥಿತಿ ಏನೂ ತಿಳಿಯುವುದಿಲ್ಲ. ಸಾಲವನ್ನೆಲ್ಲ ತೀರಿಸಿ ಪತ್ರಗಳನ್ನು ಬೀರುವಿನಲ್ಲಿಟ್ಟವರೂ ಸ್ವಂತ ಮನೆಯವರೇ, ಕಳೆದ ತಿಂಗಳಷ್ಟೇ ಬೆಲೆಯ ಐದರಲ್ಲಿ ನಾಲ್ಕು ಪಾಲನ್ನು ಸಾಲವಾಗಿ ತಂದು ಗೃಹಪ್ರವೇಶ ಮಾಡಿದವರೂ ಸ್ವಂತ ಮನೆಯವರೇ. ಬಾಡಿಗೆದಾರರಲ್ಲಿಯೂ ಹಾಗೆಯೇ: ಒಬ್ಬರ ಕರಾರು ಇನ್ನೆರಡು ತಿಂಗಳಿಗೆ ಮುಗಿಯುತ್ತದೆ ಮತ್ತು ಕೈಯಲ್ಲಿ ಉಳಿತಾಯವಿಲ್ಲ, ಇನ್ನೊಬ್ಬರು ಒಂದು ಮನೆ ಕೊಳ್ಳುವಷ್ಟು ಹಣವನ್ನು ಬೇರೆಡೆ ತೊಡಗಿಸಿ, ಬೇಕೆಂದೇ ಬಾಡಿಗೆಗಿದ್ದಾರೆ. ಆದ್ದರಿಂದ ಕೊಳ್ಳಬೇಕೆ, ಮಾರಬೇಕೆ, ಸಾಲ ಬದಲಿಸಬೇಕೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಈಗ ನಾವು ನಿಂತಿರುವುದು ಎಲ್ಲಿ ಎಂಬುದನ್ನು ಅಂಕಿಗಳಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಅದಕ್ಕೆ ಬೇಕಾಗುವುದು ಒಂದು ಹಾಳೆ, ಒಂದು ಸಂಜೆ ಮತ್ತು ಕೆಲವು ಕಾಗದಪತ್ರಗಳು.

ಇಲ್ಲಿ ಉದಾಹರಣೆಗೆ ಕೊಟ್ಟ ಮೊತ್ತಗಳನ್ನು ಯಾವ ನಾಣ್ಯದಲ್ಲಾದರೂ ಓದಿಕೊಳ್ಳಬಹುದು. ಲೆಕ್ಕದ ಪ್ರಮಾಣ ಬದಲಾಗುವುದಿಲ್ಲ.

ಮೊದಲು ಕಾಗದಗಳು, ಆಮೇಲೆ ನೆನಪು

ನೆನಪಿನಿಂದ ಯಾವ ಅಂಕಿಯನ್ನೂ ಬರೆಯಬೇಡಿ. ಸಾಲವಿದ್ದವರು ಸಾಲ ಮಂಜೂರಾತಿ ಪತ್ರವನ್ನೂ, ಸಾಲದ ಖಾತೆಯ ಇತ್ತೀಚಿನ ವಿವರಪಟ್ಟಿಯನ್ನೂ, ಪ್ರತಿ ಕಂತಿನಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂದು ತೋರಿಸುವ ಮರುಪಾವತಿ ವೇಳಾಪಟ್ಟಿಯನ್ನೂ ತೆಗೆದಿಟ್ಟುಕೊಳ್ಳಬೇಕು. ಬಾಡಿಗೆಗಿರುವವರಿಗೆ ಕರಾರುಪತ್ರ ಮತ್ತು ಮುಂಗಡ ಕೊಟ್ಟದ್ದಕ್ಕೆ ರಸೀದಿ ಸಾಕು. ಸಾಲವಿಲ್ಲದ ಮಾಲೀಕರು ಕ್ರಯಪತ್ರ, ತೆರಿಗೆ ರಸೀದಿ ಮತ್ತು ಹಿಂದೆ ಅಡಮಾನವಿದ್ದರೆ ಅದು ಬಿಡುಗಡೆಯಾದ ದಾಖಲೆಯನ್ನು ಹುಡುಕಬೇಕು.

ಹಾಳೆಯ ಮೇಲ್ಭಾಗದಲ್ಲಿ ದಿನಾಂಕ ಬರೆದು, ಅದರ ಕೆಳಗೆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮನೆಯ ಪತ್ರ ಯಾರ ಹೆಸರಿನಲ್ಲಿದೆ? ಸಾಲ ಅಥವಾ ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ? ಪ್ರತಿ ತಿಂಗಳು ಹಣ ಯಾರ ಖಾತೆಯಿಂದ ಹೋಗುತ್ತದೆ? ಈ ಮೂರಕ್ಕೂ ಒಂದೇ ಉತ್ತರ ಬಂದರೆ ವಿಷಯ ಸರಳ. ಬೇರೆ ಬೇರೆ ಉತ್ತರ ಬಂದರೆ, ಉದಾಹರಣೆಗೆ ಪತ್ರ ತಂದೆಯ ಹೆಸರಿನಲ್ಲಿದ್ದು, ಸಾಲಕ್ಕೆ ಅಣ್ಣ ಸಹಿ ಹಾಕಿ, ಕಂತನ್ನು ತಂಗಿ ಕಟ್ಟುತ್ತಿದ್ದರೆ, ಆ ಮನೆಯಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಕಾನೂನು ಒಂದು ರೀತಿ ನೋಡುತ್ತದೆ, ಮನೆಯವರು ಇನ್ನೊಂದು ರೀತಿ ನೋಡುತ್ತಾರೆ. ಎಲ್ಲರೂ ಚೆನ್ನಾಗಿರುವಾಗಲೇ ಇದನ್ನು ಬರವಣಿಗೆಯಲ್ಲಿ ತರುವುದು ಲೇಸು. ಸಹ-ಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಹಾಕಿದವರು, ತಾವು ಒಂದು ಕಂತನ್ನೂ ಕಟ್ಟದಿದ್ದರೂ, ಆ ಸಾಲವನ್ನು ತಮ್ಮ ಹಾಳೆಯಲ್ಲಿಯೂ ಬರೆದುಕೊಳ್ಳಬೇಕು; ಮುಂದೆ ತಮಗೇ ಸಾಲ ಬೇಕಾದಾಗ ಅದು ಲೆಕ್ಕಕ್ಕೆ ಬರುತ್ತದೆ.

ಹಿರಿಯರ ಮನೆಯಲ್ಲಿ ಬಾಡಿಗೆ ಕೊಡದೆ ಇರುವವರು ತಮಗೆ ಈ ಹಾಳೆಯ ಅಗತ್ಯವಿಲ್ಲವೆಂದು ಭಾವಿಸುವುದುಂಟು. ಅವರ ಪಾಲಿನ ವೆಚ್ಚವನ್ನು ಬೇರೊಬ್ಬರು ಹೊರುತ್ತಿದ್ದಾರೆ ಎಂಬುದಷ್ಟೇ ವ್ಯತ್ಯಾಸ. ಅದೇ ಮನೆಗೆ ಬಾಡಿಗೆ ಕೊಡಬೇಕಾಗಿದ್ದರೆ ಎಷ್ಟಾಗುತ್ತಿತ್ತು ಎಂದು ಬರೆದುಕೊಂಡರೆ, ಆ ಮೊತ್ತ ಪ್ರತಿ ತಿಂಗಳು ಉಳಿತಾಯಕ್ಕೆ ಹೋಗುತ್ತಿದೆಯೇ ಅಥವಾ ಹಾಗೆಯೇ ಕರಗುತ್ತಿದೆಯೇ ಎಂಬುದು ಕಾಣುತ್ತದೆ.

ಸಾಲದ ಮನೆ: ಕಂತಿನ ಮೊತ್ತಕ್ಕಿಂತ ಉಳಿದ ಅಸಲು ಮುಖ್ಯ

ಸಾಲವಿರುವ ಹೆಚ್ಚಿನವರಿಗೆ ತಿಂಗಳ ಕಂತು ಬಾಯಿಪಾಠವಾಗಿರುತ್ತದೆ, ಉಳಿದಿರುವ ಅಸಲು ಗೊತ್ತಿರುವುದಿಲ್ಲ. ಹಾಳೆಯಲ್ಲಿ ನಾಲ್ಕು ಅಂಕಿಗಳನ್ನು ಬರೆಯಬೇಕು: ಇಂದಿಗೆ ಉಳಿದಿರುವ ಅಸಲು, ಇಂದಿನ ಬಡ್ಡಿದರ, ತಿಂಗಳ ಕಂತು ಮತ್ತು ಉಳಿದಿರುವ ಕಂತುಗಳ ಸಂಖ್ಯೆ. ಇವುಗಳಲ್ಲಿ ಕೊನೆಯದನ್ನು ವಿವರಪಟ್ಟಿಯಿಂದಲೇ ನೋಡಿ ಬರೆಯಬೇಕು. ನಾನು ಮೊದಲ ಸಲ ಇಂಥ ಹಾಳೆ ಬರೆಯಲು ಕುಳಿತಾಗ ನನ್ನ ಸಾಲಕ್ಕೆ ಹನ್ನೊಂದು ವರ್ಷ ಉಳಿದಿದೆ ಎಂಬ ಖಾತ್ರಿಯಲ್ಲಿದ್ದೆ. ವಿವರಪಟ್ಟಿಯಲ್ಲಿ ಹದಿನಾಲ್ಕು ವರ್ಷಕ್ಕೂ ಹೆಚ್ಚು ಎಂದಿತ್ತು. ಬಡ್ಡಿದರ ಏರಿದಾಗಲೆಲ್ಲ ಸಾಲ ಕೊಟ್ಟವರು ಕಂತನ್ನು ಮುಟ್ಟದೆ ಅವಧಿಯನ್ನು ಮಾತ್ರ ಉದ್ದ ಮಾಡಿದ್ದರು. ತಿಳಿಸುವ ಸಂದೇಶಗಳು ಬಂದಿದ್ದವು. ಕಂತು ಅಷ್ಟೇ ಇದೆಯಲ್ಲ ಎಂದು ನಾನು ಅವನ್ನು ಓದಿರಲಿಲ್ಲ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. 10,00,000 ಸಾಲ, ವಾರ್ಷಿಕ ಬಡ್ಡಿ ಶೇಕಡ 8.5, ಅವಧಿ 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು 8,678 ಆಗುತ್ತದೆ. ಮೊದಲ ಕಂತಿನಲ್ಲಿ 7,083 ಬಡ್ಡಿಗೆ ಹೋಗಿ, ಅಸಲಿಗೆ ಸಲ್ಲುವುದು 1,595 ಮಾತ್ರ. ಐದು ವರ್ಷ ತಪ್ಪದೆ ಕಟ್ಟಿದಾಗ ಕೈಬಿಟ್ಟ ಹಣ 5,20,000ಕ್ಕಿಂತ ಹೆಚ್ಚು, ಆದರೆ ಅಸಲು ಇಳಿದದ್ದು ಸುಮಾರು 1,18,700. ಇನ್ನೂ 8,81,300ರಷ್ಟು ಬಾಕಿ ಇರುತ್ತದೆ. ಅಸಲಿನ ಅರ್ಧ ತೀರುವುದು ಹತ್ತನೆಯ ವರ್ಷದಲ್ಲಲ್ಲ, 166ನೆಯ ಕಂತಿನಲ್ಲಿ, ಅಂದರೆ 13 ವರ್ಷ 10 ತಿಂಗಳು ಕಳೆದ ಮೇಲೆ. ಇದರಲ್ಲಿ ಮೋಸವೇನೂ ಇಲ್ಲ. ಪ್ರತಿ ತಿಂಗಳು ಉಳಿದ ಅಸಲಿನ ಮೇಲೆ ಬಡ್ಡಿಯನ್ನು ಮೊದಲು ಮುರಿದುಕೊಂಡು, ಮಿಕ್ಕದ್ದನ್ನು ಅಸಲಿಗೆ ಹಾಕುವುದರಿಂದ ಆರಂಭದ ವರ್ಷಗಳು ಬಡ್ಡಿಯ ವರ್ಷಗಳಾಗಿಯೇ ಇರುತ್ತವೆ. “ಅರ್ಧ ಅವಧಿ ಕಳೆಯಿತು, ಅರ್ಧ ಮನೆ ನಮ್ಮದಾಯಿತು” ಎಂಬ ಲೆಕ್ಕ ಮಾತ್ರ ಎಲ್ಲಿಯೂ ಸರಿಹೋಗುವುದಿಲ್ಲ.

ಇದೇ ಸಾಲದ ಬಡ್ಡಿ ಆರಂಭದಲ್ಲಿಯೇ ಶೇಕಡ 9.5ಕ್ಕೆ ಏರಿ, ಕಂತು ಮಾತ್ರ 8,678ರಲ್ಲೇ ನಿಂತರೆ, 240 ಕಂತುಗಳ ಸಾಲ 309 ಕಂತುಗಳಾಗುತ್ತದೆ; ಐದೂ ಮುಕ್ಕಾಲು ವರ್ಷ ಹೆಚ್ಚು, ಮತ್ತು ಒಟ್ಟಾರೆ ಕಟ್ಟಬೇಕಾದ ಹಣ 5,95,000ದಷ್ಟು ಹೆಚ್ಚು. ಬಡ್ಡಿ ಶೇಕಡ 10.5 ಆದರೆ ತಿಂಗಳ ಬಡ್ಡಿಯೇ 8,750 ಆಗಿ ಕಂತನ್ನು ಮೀರುತ್ತದೆ. ಆಗ ಕಂತು ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತ ಹೋಗುತ್ತದೆ. ಅವಧಿ ಹೆಚ್ಚಿಸುವುದು ಸಾಲ ಕೊಟ್ಟವರಿಗೂ ಪಡೆದವರಿಗೂ ಆ ಕ್ಷಣಕ್ಕೆ ನೋವಿಲ್ಲದ ದಾರಿಯಾದ್ದರಿಂದ, ದರ ಬದಲಾದಾಗಲೆಲ್ಲ “ಕಂತು ಹೆಚ್ಚಿಸಿದರೆ ಎಷ್ಟು, ಅವಧಿ ಹೆಚ್ಚಿಸಿದರೆ ಎಷ್ಟು” ಎಂದು ಎರಡೂ ಅಂಕಿಗಳನ್ನು ಕೇಳಿ ಬರೆದುಕೊಳ್ಳಬೇಕು.

ಇದಕ್ಕೆ ಎದುರು ದಿಕ್ಕಿನ ಲೆಕ್ಕವೂ ಇದೆ. ಮೇಲಿನ ಮೂಲ ಸಾಲಕ್ಕೆ ಪ್ರತಿ ವರ್ಷದ ಕೊನೆಯಲ್ಲಿ ಒಂದೇ ಒಂದು ಹೆಚ್ಚುವರಿ ಕಂತನ್ನು ಅಸಲಿಗೆ ಕಟ್ಟುತ್ತ ಹೋದರೆ, ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ಮುಗಿಯುತ್ತದೆ. ಹಾಗೆ ಕಟ್ಟುವಾಗ ಆ ಹಣ ಅಸಲಿಗೇ ಸಲ್ಲಬೇಕು, ಮುಂದಿನ ಕಂತಿಗೆ ಮುಂಗಡವಾಗಿ ನಿಲ್ಲಬಾರದು ಎಂದು ಲಿಖಿತವಾಗಿ ಹೇಳುವುದು ಮುಖ್ಯ. ಅವಧಿಗೆ ಮುನ್ನ ಕಟ್ಟಿದರೆ ಶುಲ್ಕವಿದೆಯೇ ಎಂಬುದನ್ನು ಮಂಜೂರಾತಿ ಪತ್ರದಲ್ಲಿ ನೋಡಿ, ಅದನ್ನೂ ಹಾಳೆಯಲ್ಲಿ ಬರೆಯಿರಿ.

ಸ್ಥಿರ ದರವೋ, ಬದಲಾಗುವ ದರವೋ

ಒಂದೇ ಬೀದಿಯ ಎರಡು ಒಂದೇ ಬಗೆಯ ಮನೆಗಳಲ್ಲಿರುವವರ ಸ್ಥಿತಿ ಬೇರೆಯಾಗಿರುವುದಕ್ಕೆ ಅನೇಕ ವೇಳೆ ಕಾರಣ ಅವರ ಸಂಬಳವಲ್ಲ, ಅವರು ಸಾಲ ಪಡೆದ ವರ್ಷ. ಅಮೆರಿಕದಲ್ಲಿ 30 ವರ್ಷಗಳ ಪೂರ್ತಿ ಅವಧಿಗೆ ದರ ಬದಲಾಗದ ಸಾಲವೇ ರೂಢಿ. ಸಾಲ ಕೊಟ್ಟವರಿಂದ ಗೃಹಸಾಲಗಳನ್ನು ಕೊಳ್ಳುವ ಅಲ್ಲಿನ ಫ್ರೆಡ್ಡಿ ಮ್ಯಾಕ್ ಸಂಸ್ಥೆಯ ವಾರದ ಸಮೀಕ್ಷೆಯಲ್ಲಿ ಇಂಥ ಸಾಲದ ಸರಾಸರಿ ದರ 2021ರ ಜನವರಿಯಲ್ಲಿ ಶೇಕಡ 2.65ಕ್ಕೆ ಇಳಿದಿತ್ತು, 2023ರ ಅಕ್ಟೋಬರ್‌ನಲ್ಲಿ ಶೇಕಡ 7.79ಕ್ಕೆ ಏರಿತು. ಮೊದಲನೆಯ ದರದಲ್ಲಿ ಸಾಲ ಪಡೆದವರಿಗೆ ಮನೆ ಮಾರುವುದೆಂದರೆ ಆ ಅಗ್ಗದ ಸಾಲವನ್ನೂ ಬಿಟ್ಟುಕೊಡುವುದು. ಹಾಗಾಗಿ ಬೇರೆ ಊರಿನಲ್ಲಿ ಕೆಲಸ ಸಿಕ್ಕರೂ, ಮನೆ ಚಿಕ್ಕದಾದರೂ ಅನೇಕರು ಕದಲಲಿಲ್ಲ. ಬ್ರಿಟನ್ನಿನಲ್ಲಿ ದರವನ್ನು ಸಾಮಾನ್ಯವಾಗಿ ಎರಡು ಅಥವಾ ಐದು ವರ್ಷಕ್ಕೆ ಮಾತ್ರ ಕಟ್ಟಿಹಾಕುತ್ತಾರೆ; ಆ ಗಡುವು ಮುಗಿದ ದಿನ ಮನೆಯ ಖರ್ಚು ಹೊಸ ದರಕ್ಕೆ ಜಿಗಿಯುತ್ತದೆ. ಇನ್ನು ಪೂರ್ತಿ ಬದಲಾಗುವ ದರದ ಸಾಲದಲ್ಲಿ ಮಾರುಕಟ್ಟೆಯ ಏರಿಳಿತ ಕೆಲವೇ ತಿಂಗಳಲ್ಲಿ ಮನೆ ಬಾಗಿಲಿಗೆ ಬರುತ್ತದೆ.

ನಿಮ್ಮ ಸಾಲ ಇವುಗಳಲ್ಲಿ ಯಾವ ಜಾತಿಗೆ ಸೇರಿದ್ದು ಎಂದು ಬರೆಯಿರಿ. ಗಡುವಿರುವ ಸ್ಥಿರ ದರವಾದರೆ ಗಡುವು ಮುಗಿಯುವ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದು, ಅದಕ್ಕೆ ಆರು ತಿಂಗಳ ಮೊದಲಿನ ದಿನಾಂಕವನ್ನು ಪಕ್ಕದಲ್ಲಿ ಗುರುತಿಸಿಕೊಳ್ಳಿ. ಬದಲಾಗುವ ದರವಾದರೆ ಅದು ಯಾವ ಮೂಲ ದರಕ್ಕೆ ಜೋಡಣೆಯಾಗಿದೆ, ಅದರ ಮೇಲೆ ಎಷ್ಟು ಸೇರಿಸಿದ್ದಾರೆ, ಎಷ್ಟು ತಿಂಗಳಿಗೊಮ್ಮೆ ಪರಿಷ್ಕರಿಸುತ್ತಾರೆ ಎಂಬ ಮೂರನ್ನು ಬರೆಯಬೇಕು. ಅದೇ ಸಂಸ್ಥೆ ಇವತ್ತು ಹೊಸ ಗಿರಾಕಿಗೆ ಕೊಡುವ ದರ ನಿಮ್ಮದಕ್ಕಿಂತ ಕಡಿಮೆಯಿದ್ದರೆ, ಕೇಳಿದವರಿಗೆ ಅನೇಕ ಕಡೆ ದರ ಇಳಿಯುತ್ತದೆ. ಕೇಳದವರಿಗೆ ಇಳಿಯುವುದು ಅಪರೂಪ.

ಮನೆಯಲ್ಲಿ ನಿಮ್ಮದೆಷ್ಟು

ಮನೆಯ ಇಂದಿನ ಬೆಲೆಯಿಂದ ಉಳಿದ ಅಸಲನ್ನು ಕಳೆದರೆ ಬರುವುದೇ ನಿಮ್ಮ ಪಾಲು. ಕಷ್ಟವಿರುವುದು ಬೆಲೆಯಲ್ಲಿ. ಜಾಹೀರಾತಿನಲ್ಲಿ ಕಾಣುವುದು ಮಾರುವವರ ಆಸೆ. ಬರೆಯಬೇಕಾದದ್ದು ಅಂಥದೇ ಮನೆ ಈಚೆಗೆ ನಿಜವಾಗಿ ಮಾರಾಟವಾದ ಬೆಲೆ. ಅದರಿಂದ ಮಾರಾಟದ ವೆಚ್ಚಗಳನ್ನೂ, ಅಂದರೆ ದಲ್ಲಾಳಿ ಶುಲ್ಕ, ತೆರಿಗೆ, ಮಾರುವ ಮುನ್ನ ಮಾಡಿಸಬೇಕಾದ ರಿಪೇರಿಗಳನ್ನು ಕಳೆಯಿರಿ. ಉತ್ತರ ಶೂನ್ಯಕ್ಕಿಂತ ಕೆಳಗೆ ಹೋಗುವುದೂ ಸಾಧ್ಯ. 2008ರ ಆರ್ಥಿಕ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಲಕ್ಷಾಂತರ ಕುಟುಂಬಗಳ ಸಾಲ ಅವರ ಮನೆಯ ಬೆಲೆಯನ್ನೇ ಮೀರಿತ್ತು. ಮಾರಿದರೂ ಸಾಲ ತೀರುತ್ತಿರಲಿಲ್ಲ, ಬಡ್ಡಿ ಇಳಿದರೂ ಹೊಸ ಸಾಲ ಹುಟ್ಟುತ್ತಿರಲಿಲ್ಲ. ಇಂಥ ಸ್ಥಿತಿಯಲ್ಲಿಯೂ ಕಂತು ಕಟ್ಟುವ ಆದಾಯವಿದ್ದು, ಆ ಮನೆಯಲ್ಲೇ ಉಳಿಯುವ ಇಚ್ಛೆಯಿದ್ದರೆ ತಕ್ಷಣದ ಅಪಾಯವೇನೂ ಇಲ್ಲ. ಬೆಲೆ ಕುಸಿತ ಮತ್ತು ಕೆಲಸ ಹೋಗುವುದು ಎರಡೂ ಒಟ್ಟಿಗೆ ಬಂದಾಗಲೇ ಮನೆ ಕೈಬಿಡುವುದು.

ಬಾಡಿಗೆಯವರ ಹಾಳೆ

ಬಾಡಿಗೆದಾರರು ಬರೆಯಬೇಕಾದದ್ದು ಕಡಿಮೆ, ಆದರೆ ಅದರಲ್ಲಿ ದಿನಾಂಕಗಳಿಗೆ ತೂಕ ಹೆಚ್ಚು. ಕರಾರು ಮುಗಿಯುವ ದಿನ, ಮನೆ ಬಿಡಲು ಅಥವಾ ಬಿಡಿಸಲು ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು, ಬಾಡಿಗೆ ಯಾವಾಗ ಎಷ್ಟು ಏರುತ್ತದೆ, ನಡುವೆ ಬಿಟ್ಟರೆ ಏನು ಕಳೆದುಕೊಳ್ಳುತ್ತೀರಿ, ನಲ್ಲಿ ಕೆಟ್ಟರೆ ಯಾರ ಖರ್ಚು, ಗೋಡೆ ಸೋರಿದರೆ ಯಾರ ಖರ್ಚು ಎಂಬುದಕ್ಕೆ ಕರಾರಿನ ಸಾಲುಗಳನ್ನೇ ನೋಡಿ ಉತ್ತರಿಸಿ. ಮಾತಿನಲ್ಲಿ ಒಪ್ಪಿಕೊಂಡದ್ದು ಕರಾರಿನಲ್ಲಿ ಇಲ್ಲದಿದ್ದರೆ ಅದನ್ನು ಬೇರೆಯಾಗಿ “ಬಾಯಿಮಾತು” ಎಂದು ಗುರುತಿಸಿ, ನವೀಕರಣದ ಸಮಯದಲ್ಲಿ ಸೇರಿಸಿಕೊಳ್ಳಿ.

ಮಾಲೀಕರ ಬಳಿಯಿರುವ ಮುಂಗಡ ನಿಮ್ಮ ಆಸ್ತಿ. ಆದರೆ ಅದಕ್ಕೆ ಬಡ್ಡಿ ಬರದಿದ್ದರೆ, ಆ ಬಡ್ಡಿಯೂ ನೀವು ಕೊಡುತ್ತಿರುವ ಬಾಡಿಗೆಯ ಭಾಗವೇ ಆಗುತ್ತದೆ. ಮನೆಗೆ ಬಂದ ದಿನ ತೆಗೆದ ಚಿತ್ರಗಳು, ಗೋಡೆಯ ಬಿರುಕು, ಬಚ್ಚಲಿನ ಕಲೆ, ವಿದ್ಯುತ್ ಮೀಟರಿನ ಅಂಕಿ ಎಲ್ಲವೂ ಮುಂಗಡ ವಾಪಸು ಪಡೆಯುವ ದಿನ ಸಾಕ್ಷಿಯಾಗುತ್ತವೆ. ಬಂದ ದಿನ ತೆಗೆಯದಿದ್ದರೆ ಇವತ್ತಾದರೂ ತೆಗೆದಿಡಿ. ದೊಡ್ಡ ಮೊತ್ತವೊಂದನ್ನು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಭೋಗ್ಯಕ್ಕೆ ಇರುವವರು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಬೇಕು: ಆ ಮನೆಯ ಮೇಲೆ ಮಾಲೀಕರು ಬ್ಯಾಂಕಿನಿಂದ ಸಾಲ ಪಡೆದಿದ್ದಾರೆಯೇ? ಪಡೆದಿದ್ದು ಕಟ್ಟದೆ ಹೋದರೆ, ಹಣ ವಸೂಲಿಯ ಸಾಲಿನಲ್ಲಿ ನೀವು ಹಿಂದೆ ನಿಲ್ಲಬೇಕಾಗಬಹುದು.

ಆದಾಯದ ಎಷ್ಟು ಪಾಲು ಮನೆಗೆ ಹೋಗಬಹುದು ಎಂಬ ಪ್ರಶ್ನೆಗೆ ಎಲ್ಲರೂ ಶೇಕಡ 30 ಎನ್ನುತ್ತಾರೆ. ಈ ಅಂಕಿಗೆ ಒಂದು ಚರಿತ್ರೆ ಇದೆ. 1969ರಲ್ಲಿ ಅಮೆರಿಕದ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿ ಸರ್ಕಾರಿ ವಸತಿಯ ಬಾಡಿಗೆಯನ್ನು ಕುಟುಂಬದ ಆದಾಯದ ಶೇಕಡ 25ಕ್ಕೆ ಮಿತಿಗೊಳಿಸಿತು. 1981ರಲ್ಲಿ ಅದನ್ನು 30ಕ್ಕೆ ಏರಿಸಲಾಯಿತು. ಬಡವರ ಬಾಡಿಗೆಗೆ ಹಾಕಿದ ಆ ಮಿತಿ ಕಾಲಕ್ರಮದಲ್ಲಿ ಎಲ್ಲರ ಅಳತೆಗೋಲಾಯಿತು. ಆದಾಯ ದೊಡ್ಡದಿದ್ದವರಿಗೆ ಶೇಕಡ 40 ಹೋದರೂ ಬದುಕು ನಡೆಯುತ್ತದೆ, ಚಿಕ್ಕದಿದ್ದವರಿಗೆ 25 ಕೂಡ ಭಾರ. ಆದ್ದರಿಂದ ಶೇಕಡಾವಾರು ಬರೆದ ಮೇಲೆ, ಮನೆಯ ಖರ್ಚು ಕಳೆದು ಕೈಯಲ್ಲಿ ಉಳಿಯುವ ಮೊತ್ತವನ್ನೂ ಬರೆಯಿರಿ. ತಿಂಗಳು ಸಾಗಿಸಬೇಕಾದದ್ದು ಅದರಿಂದಲೇ.

ಬಾಡಿಗೆಯನ್ನು ಯಾವುದರ ಜೊತೆ ಹೋಲಿಸಬೇಕು

“ಬಾಡಿಗೆ ಕೊಡುವ ಹಣವನ್ನೇ ಕಂತಿಗೆ ಕಟ್ಟಿದರೆ ಮನೆ ನಮ್ಮದಾಗುತ್ತದೆ” ಎಂಬ ಮಾತನ್ನು ಕೇಳದವರಿಲ್ಲ. ಹೋಲಿಕೆಯೇ ತಪ್ಪು. ಕಂತಿನೊಳಗಿನ ಅಸಲು ನಿಮ್ಮ ಬಳಿಯೇ ಇನ್ನೊಂದು ರೂಪದಲ್ಲಿ ಉಳಿಯುತ್ತದೆ, ಬಾಡಿಗೆ ಉಳಿಯುವುದಿಲ್ಲ. ಅದೇ ರೀತಿ ಮಾಲೀಕರು ಕಂತಿನ ಹೊರಗೆ ಮಾಡುವ ಅನೇಕ ಖರ್ಚುಗಳು ಬಾಡಿಗೆದಾರರಿಗಿಲ್ಲ. ಎರಡೂ ಕಡೆ ಮರಳಿ ಬಾರದ ಹಣವನ್ನಷ್ಟೇ ತೂಗಬೇಕು.

12,50,000 ಬೆಲೆಯ ಮನೆಗೆ 2,50,000 ಕೈಯಿಂದ ಹಾಕಿ, ಮೇಲೆ ಹೇಳಿದ 10,00,000 ಸಾಲ ಪಡೆದವರನ್ನು ನೋಡಿ. ಮೊದಲ ವರ್ಷದ ಬಡ್ಡಿ ಸುಮಾರು 84,200. ಬೆಲೆಯ ಶೇಕಡ 1ರಂತೆ ನಿರ್ವಹಣೆಗೆ 12,500. ಕೈಯಿಂದ ಹಾಕಿದ ಹಣ ಬೇರೆಡೆ ಶೇಕಡ 6ರಲ್ಲಿ ದುಡಿಯುತ್ತಿತ್ತು ಎಂದರೆ ತಪ್ಪಿದ ಗಳಿಕೆ 15,000. ಒಟ್ಟು 1,11,700, ತಿಂಗಳಿಗೆ 9,300. ಆಸ್ತಿ ತೆರಿಗೆ, ವಿಮೆಗಳನ್ನು ಇನ್ನೂ ಸೇರಿಸಿಲ್ಲ. ಅಂಥದೇ ಮನೆ ತಿಂಗಳಿಗೆ 5,000ಕ್ಕೆ ಬಾಡಿಗೆಗೆ ಸಿಗುವುದಾದರೆ ಮಾಲೀಕರು ವರ್ಷಕ್ಕೆ 51,700 ಹೆಚ್ಚು ತೆರುತ್ತಾರೆ; ಅದು ಸರಿದೂಗಲು ಮನೆಯ ಬೆಲೆ ಆ ವರ್ಷ ಶೇಕಡ 4ಕ್ಕಿಂತ ಹೆಚ್ಚು ಏರಬೇಕು. ಏರಲೂಬಹುದು. ಆದರೆ ಅದು ಊಹೆ, ಬಡ್ಡಿ ಊಹೆಯಲ್ಲ. ಹಾಳೆಯಲ್ಲಿ ಎರಡನ್ನೂ ಒಂದೇ ಅಂಕಣದಲ್ಲಿ ಬರೆಯಬೇಡಿ.

ಕಾಲ ಕಳೆದಂತೆ ತಕ್ಕಡಿ ವಾಲುತ್ತದೆ ಎಂಬುದನ್ನೂ ಒಪ್ಪಬೇಕು. ಆ 5,000 ಬಾಡಿಗೆ ವರ್ಷಕ್ಕೆ ಶೇಕಡ 5ರಂತೆ ಏರಿದರೆ 13ನೆಯ ವರ್ಷದಲ್ಲಿ 8,678ರ ಕಂತನ್ನು ಮೀರುತ್ತದೆ, ಆಮೇಲೆ ಏರುತ್ತಲೇ ಇರುತ್ತದೆ. ಸ್ಥಿರ ದರದ ಕಂತು ಇದ್ದಲ್ಲಿಯೇ ಇದ್ದು ಒಂದು ದಿನ ನಿಲ್ಲುತ್ತದೆ. ಹಾಗಾಗಿ ಈ ಲೆಕ್ಕದ ಉತ್ತರವನ್ನು ತೀರ್ಮಾನಿಸುವುದು ಬೆಲೆಗಿಂತ ಹೆಚ್ಚಾಗಿ, ನೀವು ಆ ಮನೆಯಲ್ಲಿ ಎಷ್ಟು ವರ್ಷ ಇರುತ್ತೀರಿ ಎಂಬುದು. ನೋಂದಣಿ, ದಲ್ಲಾಳಿ, ಸಾಗಾಟದಂಥ ಒಂದೇ ಸಲದ ವೆಚ್ಚಗಳನ್ನು ಮೂರು ವರ್ಷಕ್ಕೆ ಹಂಚುವುದಕ್ಕೂ ಹದಿನೈದು ವರ್ಷಕ್ಕೆ ಹಂಚುವುದಕ್ಕೂ ಅಜಗಜಾಂತರವಿದೆ. ಬಾಡಿಗೆಗಿದ್ದು ಉಳಿದ ಹಣವನ್ನು ನಿಜವಾಗಿಯೂ ತೊಡಗಿಸುತ್ತೇನೆ ಎನ್ನುವವರು ಕಳೆದ ಒಂದು ವರ್ಷದ ಖಾತೆಯನ್ನು ಒಮ್ಮೆ ನೋಡಿಕೊಂಡು ಆ ಮಾತು ಹೇಳಲಿ. ಕಂತು ಬಲವಂತದ ಉಳಿತಾಯ. ಬಲವಂತವಿಲ್ಲದೆ ಉಳಿಸಬಲ್ಲವರು ಕಡಿಮೆ.

ಹಾಳೆಯನ್ನು ಒಮ್ಮೆ ಅಲುಗಾಡಿಸಿ ನೋಡಿ

ಅಂಕಿಗಳೆಲ್ಲ ಬಂದ ಮೇಲೆ, ನಾಳೆ ಆದಾಯ ನಿಂತರೆ ಕೈಯಲ್ಲಿರುವ ಹಣದಿಂದ ಎಷ್ಟು ತಿಂಗಳ ಕಂತು ಅಥವಾ ಬಾಡಿಗೆ ನಡೆಯುತ್ತದೆ ಎಂದು ಭಾಗಿಸಿ ನೋಡಿ. ಮೂರಕ್ಕಿಂತ ಕಡಿಮೆ ಬಂದರೆ, ಅವಧಿಗೆ ಮುನ್ನ ಸಾಲ ತೀರಿಸುವ ಉತ್ಸಾಹವನ್ನು ಸ್ವಲ್ಪ ತಡೆದು ಮೊದಲು ಆ ಹಣ ಕೂಡಿಡುವುದು ಉಚಿತ, ಏಕೆಂದರೆ ಅಸಲಿಗೆ ಕಟ್ಟಿದ ಹಣವನ್ನು ಕಷ್ಟಕಾಲದಲ್ಲಿ ಸುಲಭವಾಗಿ ವಾಪಸು ಪಡೆಯಲಾಗುವುದಿಲ್ಲ. ಬದಲಾಗುವ ದರದವರು ಬಡ್ಡಿ ಶೇಕಡ 2ರಷ್ಟು ಏರಿದರೆ ಕಂತು ಎಷ್ಟಾದೀತು ಎಂದು ಪಕ್ಕದಲ್ಲಿ ಬರೆಯಲಿ. ಕಂತು ಕಟ್ಟುವುದು ಕಷ್ಟವಾಗುವ ಲಕ್ಷಣ ಕಂಡರೆ ಒಂದು ಕಂತು ತಪ್ಪುವ ಮೊದಲೇ ಸಾಲ ಕೊಟ್ಟವರ ಬಳಿ ಹೋಗುವುದು ಒಳ್ಳೆಯದು. ತಪ್ಪಿದ ಮೇಲೆ ಹೋದವರಿಗೆ ಸಿಗುವ ದಾರಿಗಳು ಕಡಿಮೆ, ದಂಡ ಹೆಚ್ಚು.

ಹಾಳೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಬರೆಯಿರಿ, ಹಳೆಯದನ್ನು ಹರಿಯಬೇಡಿ. ಮನೆಯಲ್ಲಿ ಇನ್ನೊಬ್ಬರಿಗಾದರೂ ಅದು ಎಲ್ಲಿದೆ ಎಂದು ಗೊತ್ತಿರಬೇಕು, ಸಾಲಕ್ಕೆ ವಿಮೆ ಇದ್ದರೆ ಅದರ ಸಂಖ್ಯೆಯೂ ಅದರಲ್ಲಿಯೇ ಇರಬೇಕು. ಕೊನೆಯ ಕಂತು ಕಟ್ಟಿದ ವರ್ಷದ ಹಾಳೆಯಲ್ಲಿ ಸಾಲದ ಅಂಕಿಗಳ ಜಾಗ ಖಾಲಿಯಾಗುತ್ತದೆ, ಆದರೆ ಮೂರು ಕೆಲಸಗಳು ಬಾಕಿ ಉಳಿಯುತ್ತವೆ: ಸಾಲ ತೀರಿದೆ ಎಂಬ ಪತ್ರ ಪಡೆಯುವುದು, ಸಾಲ ಕೊಟ್ಟವರ ಬಳಿಯಿರುವ ಮೂಲ ಪತ್ರಗಳನ್ನು ಪುಟ ಎಣಿಸಿ ವಾಪಸು ತರುವುದು, ಮತ್ತು ಅಡಮಾನ ಬಿಡುಗಡೆಯನ್ನು ನೋಂದಣಿ ದಾಖಲೆಯಲ್ಲಿ ಬರೆಸುವುದು. ಮೂರನೆಯದನ್ನು ಮರೆತವರಿಗೆ ಅದು ನೆನಪಾಗುವುದು ಎಷ್ಟೋ ವರ್ಷದ ಮೇಲೆ, ಮನೆ ಕೊಳ್ಳಲು ಬಂದವರು ಋಣಭಾರದ ದಾಖಲೆ ತೆಗೆಸಿ, ತೀರಿದ ಸಾಲ ಇನ್ನೂ ಅಲ್ಲಿಯೇ ಕುಳಿತಿರುವುದನ್ನು ತೋರಿಸಿದಾಗ.